ಮೊದಲ ಮೂರು ನಿಮಿಷದ ಶ್ರುತಿ

ಕರಾವಳಿಯಲ್ಲೋ ಮಲೆನಾಡಿನಲ್ಲೋ ಯಕ್ಷಗಾನದ ಆಟ ಇರುವ ರಾತ್ರಿ ಏನು ನಡೆಯುತ್ತದೆ ಎಂಬುದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ರಂಗಸ್ಥಳಕ್ಕೆ ಮೊದಲ ವೇಷ ಬರುವುದಕ್ಕೆ ಬಹಳ ಮುಂಚೆಯೇ ಚಂಡೆ ಮದ್ದಳೆ ಮೊಳಗುತ್ತವೆ. ಕೇಳಿ ಬಾರಿಸುವುದು ಎಂದು ಅದಕ್ಕೆ ಹೆಸರು. ಗದ್ದೆ ದಾಟಿ, ತೋಟ ದಾಟಿ ಆ ಸದ್ದು ಮನೆಮನೆಗೆ ಮುಟ್ಟುತ್ತದೆ. ಇವತ್ತಿನ ಪ್ರಸಂಗ ಯಾವುದು ಎಂದು ಅದು ಹೇಳುವುದಿಲ್ಲ. ಯಾರು ಗೆದ್ದರು, ಯಾರು ಮಡಿದರು ಎಂದೂ ಹೇಳುವುದಿಲ್ಲ. ಆದರೂ ಕೇಳಿದವರ ಮನಸ್ಸು ಒಲೆಯ ಮುಂದಿನ ಕೆಲಸ ಬಿಟ್ಟು, ಸಾಲದ ಲೆಕ್ಕ ಬಿಟ್ಟು ಆಟದ ಕಡೆಗೆ ತಿರುಗಿಬಿಡುತ್ತದೆ. ಬಯಲುಸೀಮೆಯ ಟೆಂಟ್ ಸಿನಿಮಾದಲ್ಲೂ ಹೀಗೆಯೇ ನಡೆಯುತ್ತಿತ್ತು. ಘಂಟಸಾಲ ಹಾಡಿದ ವೆಂಕಟೇಶನ ಭಕ್ತಿಗೀತೆ ಧ್ವನಿವರ್ಧಕದಲ್ಲಿ ಕೇಳಿಸಿತೆಂದರೆ ದಾರಿಯಲ್ಲಿದ್ದವರ ಕಾಲು ಚುರುಕಾಗುತ್ತಿತ್ತು. ಪರದೆಯ ಮೇಲೆ ಇನ್ನೂ ಏನೂ ಮೂಡಿರುತ್ತಿರಲಿಲ್ಲ. ಕಿವಿ ಮಾತ್ರ ಆಗಲೇ ಟೆಂಟಿನ ಒಳಗೆ ಹೋಗಿ ಕೂತಿರುತ್ತಿತ್ತು. ನೋಡುವವರ ಮನಸ್ಸನ್ನು ಮೊದಲು ಹದ ಮಾಡಿಕೊಳ್ಳಬೇಕು ಎಂಬ ಈ ತಿಳಿವಳಿಕೆ ನಮ್ಮಲ್ಲಿ ಬಹಳ ಹಳೆಯದು. ಭರತನ ನಾಟ್ಯಶಾಸ್ತ್ರ ತನ್ನ ಐದನೆಯ ಅಧ್ಯಾಯವನ್ನು ಇಡಿಯಾಗಿ ಪೂರ್ವರಂಗಕ್ಕೇ ಕೊಟ್ಟಿದೆ. ನಾಟಕಕ್ಕಿಂತ ಮೊದಲು ನಡೆಯಬೇಕಾದ ಕೆಲಸಕ್ಕೆ ಒಂದು ಇಡೀ ಅಧ್ಯಾಯ!

ಇವತ್ತಿನ ಮಾತು ಸಿನಿಮಾದ ಆರಂಭವನ್ನು ಕುರಿತದ್ದು. ಮೊದಲ ಮೂರು, ಐದು, ಹೆಚ್ಚೆಂದರೆ ಹತ್ತು ನಿಮಿಷ. ಆ ಹೊತ್ತಿನಲ್ಲಿ ಸಿನಿಮಾ ಏನು ಮಾಡುತ್ತದೆ? ಕಥೆ ಶುರುಮಾಡುತ್ತದೆ ಎಂಬುದು ಎಲ್ಲರೂ ಕೊಡುವ ಉತ್ತರ. ಆ ಉತ್ತರ ಸಾಲದು ಎಂಬುದು ನನ್ನ ವಾದ. ಸಂಗೀತ ಕಛೇರಿಗೆ ಕೂತವರು ಮೊದಲು ತಂಬೂರಿಯ ಶ್ರುತಿ ಸೇರಿಸುತ್ತಾರೆ. ಯಾವ ರಾಗ, ಯಾವ ಕೃತಿ ಎಂಬುದು ಆಮೇಲಿನ ಮಾತು. ಶ್ರುತಿ ಸೇರಿದ ಮೇಲೆ ಹಾಡುವವರಿಗೂ ಕೇಳುವವರಿಗೂ ಕಾಲೂರಲು ಒಂದೇ ನೆಲ ಸಿಗುತ್ತದೆ. ಒಳ್ಳೆಯ ಸಿನಿಮಾದ ಆರಂಭವೂ ಶ್ರುತಿ ಸೇರಿಸುವ ಕೆಲಸವೇ. ಮುಂದಿನ ಎರಡು ಗಂಟೆ ಯಾವ ಭಾವದಲ್ಲಿ ಕೂರಬೇಕು, ಎಷ್ಟು ತಾಳ್ಮೆ ಕೈಯಲ್ಲಿ ಹಿಡಿದಿರಬೇಕು, ಪಾತ್ರಗಳಿಗೆ ಎಷ್ಟು ಹತ್ತಿರ ನಿಲ್ಲಬೇಕು ಎಂಬುದನ್ನು ಅದು ಉಪದೇಶವಿಲ್ಲದೆ ಕಲಿಸುತ್ತದೆ. ಅದಕ್ಕೆ ಅದರ ಬಳಿ ಮೂರು ಸಾಧನಗಳಿವೆ. ಒಂದು, ಸದ್ದು. ಎರಡು, ಹೊತ್ತು. ಮೂರು, ದೂರ. ಒಂದೊಂದನ್ನೂ ಒಂದೊಂದು ಚಿತ್ರದ ಮೂಲಕ ಪರೀಕ್ಷಿಸೋಣ. ಆಮೇಲೆ ಈ ವಾದಕ್ಕೆ ಎದುರಾಗುವ ಆಕ್ಷೇಪಗಳಿಗೆ ಬರುತ್ತೇನೆ.

ಮೊದಲು ಸದ್ದು. ಆರಂಭದ ಭಾವ ಹುಟ್ಟುವುದು ಚಿತ್ರದಿಂದಲೋ ಶಬ್ದದಿಂದಲೋ ಎಂದು ತಿಳಿಯಬೇಕಾದರೆ ಒಂದು ಪ್ರಯೋಗ ಬೇಕು. ಚಿತ್ರ ಅದೇ ಇರಬೇಕು, ಸದ್ದು ಮಾತ್ರ ಬದಲಾಗಬೇಕು. ಅಂಥ ಪ್ರಯೋಗ ಸಿನಿಮಾ ಚರಿತ್ರೆಯಲ್ಲಿ ತಾನಾಗಿಯೇ ನಡೆದುಹೋಗಿದೆ. ಆರ್ಸನ್ ವೆಲ್ಸ್ ಅವರ ‘ಟಚ್ ಆಫ್ ಈವಿಲ್’ 1958ರಲ್ಲಿ ತೆರೆಕಂಡಿತು. ಅದರ ಮೊದಲ ಶಾಟ್ ಮೂರು ನಿಮಿಷಕ್ಕೂ ಸ್ವಲ್ಪ ಹೆಚ್ಚು. ನಡುವೆ ಒಂದೂ ಕಟ್ ಇಲ್ಲ. ನಿಮ್ಮ ಮನಸ್ಸಿನ ಪರದೆಯ ಮೇಲೆ ಅದನ್ನು ಮೂಡಿಸಿಕೊಳ್ಳಿ. ಅಮೆರಿಕ ಮತ್ತು ಮೆಕ್ಸಿಕೊ ಗಡಿಯ ಒಂದು ಪೇಟೆ. ರಾತ್ರಿ. ಒಂದು ಕೈ ಬಾಂಬಿನ ಗಡಿಯಾರವನ್ನು ತಿರುಗಿಸುತ್ತದೆ. ಆ ಮನುಷ್ಯ ಓಡಿಹೋಗಿ ಅದನ್ನು ಒಂದು ಕಾರಿನ ಡಿಕ್ಕಿಯಲ್ಲಿ ಇಡುತ್ತಾನೆ. ಏನೂ ತಿಳಿಯದ ಒಬ್ಬ ಗಂಡಸು, ಒಬ್ಬ ಹೆಂಗಸು ಬಂದು ಕಾರು ಹತ್ತುತ್ತಾರೆ. ಕ್ಯಾಮೆರಾ ಮೇಲಕ್ಕೇರಿ, ಮನೆಯ ಮಾಡು ದಾಟಿ, ಬೀದಿಗೆ ಇಳಿದು ಕಾರಿನ ಜೊತೆ ಸಾಗುತ್ತದೆ. ಅದೇ ಬೀದಿಯಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದು ನಡೆದು ಹೊರಟಿದೆ. ಕಾರು ಒಮ್ಮೆ ಅವರನ್ನು ದಾಟುತ್ತದೆ, ಒಮ್ಮೆ ಹಿಂದೆ ಉಳಿಯುತ್ತದೆ. ಗಡಿಯ ಗೇಟಿನಲ್ಲಿ ಎಲ್ಲರೂ ಒಟ್ಟಾಗಿ ನಿಲ್ಲುತ್ತಾರೆ. ಕಾರು ಆಚೆ ದಾಟುತ್ತದೆ. ಆಮೇಲೆ ಸ್ಫೋಟ.

ಈ ಶಾಟಿನ ಮೇಲೆ ಯುನಿವರ್ಸಲ್ ಸ್ಟುಡಿಯೊ ಹೆಸರುಗಳ ಸಾಲನ್ನು ಹಾಕಿತು. ಅದರ ಜೊತೆಗೆ ಹೆನ್ರಿ ಮ್ಯಾನ್ಸಿನಿ ಅವರ ಸಂಗೀತ ಬಂತು. ಸಂಗೀತ ಚೆನ್ನಾಗಿಯೇ ಇದೆ. ಡೋಲಿನ ಪೆಟ್ಟು, ತುತ್ತೂರಿಯ ಏರು, ಅಪಾಯದ ಸೂಚನೆ. ಆದರೆ ವೆಲ್ಸ್ ಬಯಸಿದ್ದು ಅದಲ್ಲ. ಸ್ಟುಡಿಯೊ ಸಂಕಲನ ಮಾಡಿದ ಪ್ರತಿಯನ್ನು ನೋಡಿದ ಮೇಲೆ ಅವರು 58 ಪುಟಗಳ ಟಿಪ್ಪಣಿ ಬರೆದರು. ಆರಂಭದಲ್ಲಿ ಹೆಸರುಗಳು ಬೇಡ, ಹಿನ್ನೆಲೆ ಸಂಗೀತವೂ ಬೇಡ, ಆ ಬೀದಿಯ ಸದ್ದುಗಳೇ ಕೇಳಿಸಲಿ ಎಂಬುದು ಅದರ ಒಂದು ಬೇಡಿಕೆ. ಆ ಮಾತು ನಡೆಯಲಿಲ್ಲ. 1998ರಲ್ಲಿ ಸಂಕಲನಕಾರ ವಾಲ್ಟರ್ ಮರ್ಚ್ ಆ ಟಿಪ್ಪಣಿಯನ್ನು ಅನುಸರಿಸಿ ಚಿತ್ರವನ್ನು ಮತ್ತೆ ಜೋಡಿಸಿದರು. ಈಗ ಅದೇ ಶಾಟಿನಲ್ಲಿ ಬೇರೆಯೇ ಲೋಕ ತೆರೆದುಕೊಳ್ಳುತ್ತದೆ. ಒಂದು ಮದ್ಯದಂಗಡಿಯ ಹಾಡು ಹತ್ತಿರವಾಗಿ ಹಿಂದೆ ಸರಿಯುತ್ತದೆ. ಇನ್ನೊಂದು ಅಂಗಡಿಯ ವಾದ್ಯ ಅದರ ಜಾಗಕ್ಕೆ ಬರುತ್ತದೆ. ನಡುವೆ ಆ ಕಾರಿನ ರೇಡಿಯೊ. ಅದರ ದನಿ ಜೋರಾದರೆ ಸಾವು ಹತ್ತಿರ ಬಂದಿದೆ, ದನಿ ಸಣ್ಣದಾದರೆ ಸಾವು ದೂರ ಹೋಗಿದೆ. ಹಳೆಯ ಪ್ರತಿಯಲ್ಲಿ ಸಂಗೀತ ನಮಗೆ ಭಯಪಡಿ ಎನ್ನುತ್ತಿತ್ತು. ಹೊಸ ಪ್ರತಿಯಲ್ಲಿ ಭಯವನ್ನು ನಾವೇ ಕಿವಿಯಿಂದ ಹುಡುಕಿಕೊಂಡು ಹೋಗುತ್ತೇವೆ. ಮೊದಲನೆಯದರಲ್ಲಿ ನಾವು ಪ್ರೇಕ್ಷಕರು. ಎರಡನೆಯದರಲ್ಲಿ ನಾವೂ ಆ ಬೀದಿಯ ದಾರಿಹೋಕರು. ಒಂದು ಅಂಗುಲ ಚಿತ್ರವೂ ಬದಲಾಗಿಲ್ಲ. ಬದಲಾದದ್ದು ಸದ್ದು, ಮತ್ತು ಹೆಸರುಗಳ ಪರದೆ ಸರಿದದ್ದು. ಆರಂಭದ ಭಾವ ದೊಡ್ಡ ಪಾಲು ಕಿವಿಯಲ್ಲಿ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ನನಗೆ ತಿಳಿದಿಲ್ಲ. ನಿಮ್ಮ ನೆನಪನ್ನೂ ಕೇಳಿಕೊಳ್ಳಿ. ಶಂಕರ್ ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದು ದಶಕಗಳೇ ಕಳೆದಿವೆ. ಅದರ ಎಷ್ಟೋ ಕಥೆಗಳು ಮಸುಕಾಗಿರಬಹುದು. ಆದರೆ ಎಲ್. ವೈದ್ಯನಾಥನ್ ಅವರ ಆರಂಭದ ಸ್ವರ ನೆನಪಾದರೆ ಸಾಕು, ಆ ಊರು, ಆ ಬಿಸಿಲು, ಆ ನಿಧಾನ ಎಲ್ಲವೂ ಮರಳಿ ಬರುತ್ತವೆ.

ಇಷ್ಟು ಹೊತ್ತು ಹೇಳಿದ್ದನ್ನು ಒಟ್ಟುಗೂಡಿಸುತ್ತೇನೆ. ಆರಂಭ ಶ್ರುತಿ ಸೇರಿಸುತ್ತದೆ. ಅದರ ಮೊದಲ ಸಾಧನ ಸದ್ದು. ಈಗ ಎರಡನೆಯದು, ಹೊತ್ತು. ಒಂದು ಸಿನಿಮಾ ತನ್ನ ಮೊದಲ ದೃಶ್ಯಕ್ಕೆ ಎಷ್ಟು ಕಾಲ ಕೊಡುತ್ತದೆ ಎಂಬುದರಲ್ಲೇ ಅದು ನಮ್ಮಿಂದ ಎಷ್ಟು ತಾಳ್ಮೆ ಕೇಳುತ್ತಿದೆ ಎಂಬುದೂ ಇರುತ್ತದೆ. ಎರಡು ರೈಲು ನಿಲ್ದಾಣಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಮೊದಲನೆಯದು ಇಟಲಿಯ ಸೆರ್ಜಿಯೊ ಲಿಯೊನೆ 1968ರಲ್ಲಿ ಮಾಡಿದ ‘ವನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’. ಬಯಲಿನ ನಡುವೆ ಮರದ ಹಲಗೆಯ ಒಂದು ನಿಲ್ದಾಣ. ಮೂವರು ಬಂದೂಕುಧಾರಿಗಳು ಯಾರಿಗೋ ಕಾಯುತ್ತಿದ್ದಾರೆ. ಸುಮಾರು ಹತ್ತು ನಿಮಿಷ ಕಾಯುವುದು ಬಿಟ್ಟು ಮತ್ತೇನೂ ನಡೆಯುವುದಿಲ್ಲ. ಗಾಳಿಚಕ್ರ ಕಿರುಗುಟ್ಟುತ್ತದೆ. ಮೇಲಿನಿಂದ ನೀರಿನ ಹನಿ ಒಬ್ಬನ ಟೋಪಿಯ ಮೇಲೆ ಟಪ್ ಟಪ್ ಎಂದು ಬೀಳುತ್ತದೆ. ಒಂದು ನೊಣ ಇನ್ನೊಬ್ಬನ ಮುಖದ ಮೇಲೆ ಗುಂಯ್‌ಗುಡುತ್ತದೆ. ಮತ್ತೊಬ್ಬ ಬೆರಳಿನ ಗಂಟುಗಳನ್ನು ಲಟಕಿಸುತ್ತಾನೆ. ಎನಿಯೊ ಮೊರಿಕೋನೆ ಅವರಂಥ ಸಂಗೀತಗಾರ ಜೊತೆಗಿದ್ದೂ ಈ ದೃಶ್ಯಕ್ಕೆ ವಾದ್ಯಗೋಷ್ಠಿ ಇಲ್ಲ. ಈ ಸದ್ದುಗಳೇ ಅದರ ಸಂಗೀತ. ಕೊನೆಗೆ ರೈಲು ಬರುತ್ತದೆ, ಹೋಗುತ್ತದೆ. ಯಾರೂ ಇಳಿಯಲಿಲ್ಲ ಎಂದುಕೊಳ್ಳುವಷ್ಟರಲ್ಲಿ ಹಳಿಯ ಆಚೆಯಿಂದ ಒಂದು ಹಾರ್ಮೋನಿಕಾದ ನರಳುವ ಸ್ವರ ಕೇಳಿಸುತ್ತದೆ. ಮುಂದೆ ಗುಂಡು ಹಾರುವುದಕ್ಕೆ ಒಂದೆರಡು ಕ್ಷಣ ಸಾಕು. ಹತ್ತು ನಿಮಿಷ ಕಾಯುವಿಕೆ, ಎರಡು ಕ್ಷಣ ಹಿಂಸೆ. ಈ ಅಳತೆಯೇ ಇಡೀ ಚಿತ್ರದ ಅಳತೆ. ಆ ಹಾರ್ಮೋನಿಕಾ ನುಡಿಸುವವನು ಯಾಕೆ ಬಂದ, ಅವನಿಗೂ ಆ ಸ್ವರಕ್ಕೂ ಏನು ಸಂಬಂಧ ಎಂಬುದು ತಿಳಿಯಲು ನಾವು ಕೊನೆಯ ಕಾಳಗದವರೆಗೂ ಕಾಯಬೇಕು. ಅಷ್ಟು ಕಾಯುವ ಅಭ್ಯಾಸವನ್ನು ಚಿತ್ರ ಮೊದಲ ಹತ್ತು ನಿಮಿಷದಲ್ಲೇ ನಮಗೆ ಮಾಡಿಸಿರುತ್ತದೆ.

ಎರಡನೆಯ ನಿಲ್ದಾಣ ನಮ್ಮ ರಾಮನಗರದ ಬಂಡೆಗಳ ಲೋಕಕ್ಕೆ ಬಾಗಿಲಾಗಿ ನಿಂತದ್ದು. 1975ರ ‘ಶೋಲೆ’. ಅಲ್ಲಿಯೂ ರೈಲು ಬರುತ್ತದೆ. ಒಬ್ಬ ಪೊಲೀಸ್ ಅಧಿಕಾರಿ ಇಳಿಯುತ್ತಾನೆ. ಕಾಯಲು ನಿಂತಿದ್ದ ಸೇವಕ ಅವನನ್ನು ಕುದುರೆ ಹತ್ತಿಸುತ್ತಾನೆ. ಆಮೇಲೆ ಮಾತಿಲ್ಲ. ಇಬ್ಬರೂ ಬಂಡೆಗುಡ್ಡಗಳ ನಡುವೆ, ಬಯಲು ದಾಟಿ, ಊರ ಬೀದಿಯಲ್ಲಿ ಹಾದು ಠಾಕೂರನ ಮನೆಗೆ ಸಾಗುತ್ತಾರೆ. ಆ ದಾರಿಯುದ್ದಕ್ಕೂ ಹೆಸರುಗಳು ಮೂಡುತ್ತವೆ. ಆರ್.ಡಿ. ಬರ್ಮನ್ ಅವರ ಗಿಟಾರ್ ಕುದುರೆಯ ಗೊರಸಿನ ಜೊತೆಗೇ ಓಡುತ್ತದೆ. ಲಿಯೊನೆ ಚಿತ್ರದ ನಿಲ್ದಾಣ ನಮ್ಮನ್ನು ಕೂರಿಸಿ ಕಾಯಿಸಿತು. ಈ ನಿಲ್ದಾಣ ನಮ್ಮನ್ನು ಎಬ್ಬಿಸಿ ಊರಿಗೆ ಕರೆದೊಯ್ಯುತ್ತದೆ. ಕೆಲವೇ ನಿಮಿಷದಲ್ಲಿ ಊರಿನ ಸುತ್ತ ಎಷ್ಟು ನಿರ್ಜನ ಪ್ರದೇಶವಿದೆ, ನಡುವೆ ಜನ ಹೇಗೆ ಗುಂಪಾಗಿ ಬದುಕಿದ್ದಾರೆ ಎಂಬುದು ಮನಸ್ಸಿಗೆ ಇಳಿದಿರುತ್ತದೆ. ಡಕಾಯಿತರ ಭಯ ಮುಂದೆ ಬರುವಾಗ ಅದು ಯಾವ ಊರಿಗೆ ಬಂದ ಭಯ ಎಂದು ನಾವು ಕೇಳಬೇಕಾಗಿಲ್ಲ. ಆ ಊರನ್ನು ನಾವು ಕುದುರೆಯ ಮೇಲೆ ಕೂತು ಹಾದು ಬಂದಿದ್ದೇವೆ. ಎರಡೂ ಚಿತ್ರಗಳಲ್ಲಿ ಸೇಡು ಇದೆ, ಬಂದೂಕು ಇದೆ, ರೈಲು ಇದೆ. ಆದರೆ ಒಂದರ ಲಯ ಕಾಯುವುದು, ಇನ್ನೊಂದರ ಲಯ ಸಾಗುವುದು. ಸಾಮಗ್ರಿ ಒಂದೇ ಆದರೂ ಹೊತ್ತಿನ ಹಂಚಿಕೆಯಿಂದ ಶ್ರುತಿ ಬೇರೆಯಾಗುತ್ತದೆ.

ಸದ್ದು ಆಯಿತು, ಹೊತ್ತು ಆಯಿತು. ಮೂರನೆಯದು ದೂರ. ಪಾತ್ರಕ್ಕೂ ನಮಗೂ ನಡುವೆ ಎಷ್ಟು ಅಂತರ ಇರಬೇಕು? ಪಾತ್ರಕ್ಕೂ ಅದರ ಲೋಕಕ್ಕೂ ನಡುವೆ ಎಷ್ಟು ಅಂತರ ಇದೆ? ಇದನ್ನು ಸತ್ಯಜಿತ್ ರಾಯ್ ಅವರ ‘ಚಾರುಲತಾ’ದಷ್ಟು ಸೂಕ್ಷ್ಮವಾಗಿ ಹೇಳಿದ ಆರಂಭ ವಿರಳ. ಚಿತ್ರ 1964ರದ್ದು. ರವೀಂದ್ರನಾಥ ಟ್ಯಾಗೋರರ ಕಥೆ. 19ನೆಯ ಶತಮಾನದ ಕೊನೆಯ ಭಾಗದ ಕಲ್ಕತ್ತದ ಒಂದು ಸಿರಿವಂತ ಮನೆ. ಹೆಸರುಗಳು ಮೂಡುವಾಗ ಎರಡು ಕೈಗಳು ಕರವಸ್ತ್ರದ ಮೇಲೆ ಒಂದು ಅಕ್ಷರವನ್ನು ಕಸೂತಿ ಹಾಕುತ್ತಿವೆ. ಗಂಡ ಭೂಪತಿಯ ಹೆಸರಿನ ಮೊದಲ ಅಕ್ಷರ ಅದು. ಮುಂದಿನ ಕೆಲವು ನಿಮಿಷ ಹೆಚ್ಚುಕಡಿಮೆ ಮಾತೇ ಇಲ್ಲ. ಗಂಡನ ಕಚೇರಿ ಕೋಣೆಗೆ ಚಹಾ ಕೊಡಲು ಚಾರು ಆಳಿಗೆ ಹೇಳುತ್ತಾಳೆ. ಪುಸ್ತಕದ ಕಪಾಟಿನ ಮುಂದೆ ನಿಂತು ಬಂಕಿಮರ ಹೆಸರನ್ನು ರಾಗವಾಗಿ ಗುನುಗುತ್ತಾಳೆ. ಹೊರಗೆ ಕೋತಿ ಆಡಿಸುವವನ ಡಮರುಗ ಕೇಳಿಸುತ್ತದೆ. ಅವಳು ಓಡಿಹೋಗಿ ಪುಟ್ಟದೊಂದು ದುರ್ಬೀನು ತರುತ್ತಾಳೆ. ಕಿಟಕಿಯ ಪಟ್ಟಿಗಳನ್ನು ಎತ್ತಿ ಹೊರಗೆ ನೋಡುತ್ತಾಳೆ. ಪಲ್ಲಕ್ಕಿ ಹೊತ್ತವರು ಹೋಗುತ್ತಾರೆ. ಕೊಡೆ ಹಿಡಿದ ದಪ್ಪ ಮನುಷ್ಯನೊಬ್ಬ ಹೋಗುತ್ತಾನೆ. ಅವನು ಕಣ್ಣಿಗೆ ತಪ್ಪದಂತೆ ಅವಳು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಓಡುತ್ತಾಳೆ. ಆಮೇಲೆ ಭೂಪತಿ ಮೊಗಸಾಲೆಗೆ ಬರುತ್ತಾನೆ. ಕೈಯಲ್ಲಿ ಪುಸ್ತಕ. ಹೆಂಡತಿ ಎರಡು ಹೆಜ್ಜೆ ಆಚೆ ನಿಂತಿದ್ದರೂ ಅವನಿಗೆ ಕಾಣುವುದಿಲ್ಲ. ಓದುತ್ತಲೇ ದಾಟಿ ಹೋಗುತ್ತಾನೆ. ಆಗ ಚಾರು ಅದೇ ದುರ್ಬೀನನ್ನು ಎತ್ತಿ, ದೂರ ಸರಿಯುತ್ತಿರುವ ಗಂಡನನ್ನು ನೋಡುತ್ತಾಳೆ. ಬೀದಿಯ ಅಪರಿಚಿತರನ್ನು ನೋಡಿದ ಅದೇ ಗಾಜಿನಿಂದ!

ಇಲ್ಲಿ ಜಗಳವಿಲ್ಲ, ಕಣ್ಣೀರಿಲ್ಲ, ದೂರು ಇಲ್ಲ. ಗಂಡ ಕೆಟ್ಟವನೂ ಅಲ್ಲ. ಆದರೆ ಒಂದೇ ಮಾಡಿನ ಕೆಳಗಿನ ಅಂತರ ಎಷ್ಟು ಎಂಬುದನ್ನು ಆ ಗಾಜು ಅಳೆದು ಕೊಟ್ಟಿತು. ನಮಗೂ ಅದು ಒಂದು ಪಾಠ ಕಲಿಸಿತು. ಈ ಚಿತ್ರದಲ್ಲಿ ದೊಡ್ಡ ಸಂಗತಿಗಳು ಸಣ್ಣ ಸನ್ನೆಗಳಲ್ಲಿ ನಡೆಯುತ್ತವೆ, ಗಮನ ಕೊಟ್ಟು ನೋಡಿ ಎಂಬ ಪಾಠ. ಚಿತ್ರದ ಕೊನೆಗೆ ಗಂಡ ಹೆಂಡಿರ ಕೈಗಳು ಒಂದನ್ನೊಂದು ಮುಟ್ಟಲು ಚಾಚಿ, ಮುಟ್ಟುವ ಮೊದಲೇ ಚಿತ್ರ ಸ್ತಬ್ಧವಾಗುತ್ತದೆ. ಕಸೂತಿ ಹಾಕಿದ ಕೈಯೇ ಅಲ್ಲಿ ಚಾಚಿದ ಕೈ. ಮೊದಲ ಏಳೆಂಟು ನಿಮಿಷವನ್ನು ಕಣ್ತುಂಬ ನೋಡಿದವರಿಗೆ ಆ ಕೊನೆಯ ಅಂಗುಲದ ಭಾರ ಗೊತ್ತಾಗುತ್ತದೆ. ಸದ್ದು, ಹೊತ್ತು, ದೂರ. ಮೂರೂ ಸೇರಿ ಶ್ರುತಿಯಾಗುತ್ತದೆ. ಇದು ನನ್ನ ವಾದದ ಮೊದಲ ಅರ್ಧ.

ಈಗ ಆಕ್ಷೇಪಗಳು. ಮೊದಲನೆಯದು ತೀರ ಸಹಜವಾದದ್ದು. ಹತ್ತು ನಿಮಿಷ ತಡವಾಗಿ ಬಂದವರಿಗೂ ಕಥೆ ಅರ್ಥವಾಗುತ್ತದಲ್ಲ, ಹಾಗಿದ್ದ ಮೇಲೆ ಆರಂಭಕ್ಕೆ ಇಷ್ಟು ಮಹತ್ವ ಯಾಕೆ ಎಂದು ಕೇಳಬಹುದು. ಕಥೆ ಅರ್ಥವಾಗುತ್ತದೆ, ಒಪ್ಪಿದೆ. ಆದರೆ ಕಥೆಯ ತೂಕ ತಪ್ಪುತ್ತದೆ. ರಾಮ್ ರೆಡ್ಡಿ ನಿರ್ದೇಶಿಸಿದ, ಈರೇಗೌಡ ಜೊತೆಗೂಡಿ ಬರೆದ ‘ತಿಥಿ’ಯನ್ನೇ ತೆಗೆದುಕೊಳ್ಳಿ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಗೌರವ ಪಡೆದ ಮಂಡ್ಯ ಸೀಮೆಯ ಚಿತ್ರ. ನೂರು ದಾಟಿದ ಸೆಂಚುರಿ ಗೌಡ ಬೀದಿಬದಿಯಲ್ಲಿ ಕೂತಿದ್ದಾನೆ. ಹೋಗಿಬರುವವರ ಮೇಲೆಲ್ಲ ಮಾತಿನ ಕಲ್ಲು ಬೀರುತ್ತಾನೆ. ಕೇಳುವವರಿಗೆ ನಗು ಬರುತ್ತದೆ. ಆಮೇಲೆ ಎದ್ದು, ಸಂದಿಯ ಕಡೆ ನಾಲ್ಕು ಹೆಜ್ಜೆ ಹಾಕಿ, ಕುಸಿದು ಬೀಳುತ್ತಾನೆ. ಅಲ್ಲಿಗೆ ಅವನ ಆಯುಸ್ಸು ಮುಗಿಯಿತು. ಅಳಿಸುವ ಪಿಟೀಲು ಇಲ್ಲ. ಮುಗಿಲಿಗೆ ಮುಖಮಾಡಿದ ಕ್ಯಾಮೆರಾ ಇಲ್ಲ. ತಡವಾಗಿ ಬಂದವರಿಗೆ ಮುದುಕ ಸತ್ತ, ಹನ್ನೊಂದನೆಯ ದಿನ ತಿಥಿ ಎಂಬುದು ಯಾರದೋ ಮಾತಿನಲ್ಲಿ ತಿಳಿಯುತ್ತದೆ. ತಿಳಿಯದೆ ಹೋಗುವುದು ಒಂದೇ. ಈ ಚಿತ್ರದಲ್ಲಿ ಸಾವಿನ ಪಕ್ಕದಲ್ಲೇ ನಗುವುದಕ್ಕೆ ಅಪ್ಪಣೆ ಇದೆ, ಆ ನಗುವಿನಲ್ಲಿ ಅಗೌರವ ಇಲ್ಲ ಎಂಬುದು. ಆ ಅಪ್ಪಣೆ ಸಿಗುವುದು ಮೊದಲ ದೃಶ್ಯದಲ್ಲಿ ಮಾತ್ರ. ಅದು ಇಲ್ಲದಿದ್ದರೆ ಅಪ್ಪ ಸತ್ತರೂ ತನ್ನ ಪಾಡಿಗೆ ಅಲೆಯುವ ಗಡ್ಡಪ್ಪ ಕಲ್ಲುಮನಸ್ಸಿನವನಂತೆ ಕಂಡಾನು. ಅಪ್ಪಣೆ ಪಡೆದು ಕೂತವರಿಗೆ ಅವನು ಬೇರೊಂದು ಬಗೆಯ ವಿವೇಕಿಯಾಗಿ ಕಾಣುತ್ತಾನೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಎಷ್ಟೋ ಒಳ್ಳೆಯ ಚಿತ್ರಗಳು ಆರಂಭದಲ್ಲಿ ದಾರಿ ತಪ್ಪಿಸುತ್ತವೆ. ಒಂದು ಕಥೆ ಎಂದು ನಂಬಿಸಿ ಮತ್ತೊಂದಕ್ಕೆ ಎಳೆದೊಯ್ಯುತ್ತವೆ. ಹಾಗಾದರೆ ಆರಂಭವನ್ನು ನಂಬುವುದು ಹೇಗೆ? ಇದಕ್ಕೆ ಉತ್ತರ ಆಲ್ಫ್ರೆಡ್ ಹಿಚ್‌ಕಾಕ್ ಅವರ ‘ಸೈಕೊ’ದಲ್ಲಿದೆ. 1960ರ ಚಿತ್ರ. ಕಥೆ ಶುರುವಾಗುವುದು ಫೀನಿಕ್ಸ್ ನಗರದಲ್ಲಿ, ಒಂದು ಶುಕ್ರವಾರದ ಮಧ್ಯಾಹ್ನ. ದಿನಾಂಕ ಮತ್ತು ಗಂಟೆ ಪರದೆಯ ಮೇಲೇ ಬರುತ್ತವೆ. ಕ್ಯಾಮೆರಾ ಅರ್ಧ ಇಳಿದ ಕಿಟಕಿಯ ಪರದೆಯ ಕೆಳಗಿಂದ ಹೋಟೆಲಿನ ಕೋಣೆಗೆ ನುಸುಳುತ್ತದೆ. ಒಬ್ಬ ಹೆಣ್ಣು, ಅವಳ ಪ್ರಿಯಕರ, ಮದುವೆಗೆ ಅಡ್ಡಬಂದ ಹಣದ ತಾಪತ್ರಯ. ಮುಂದೆ ಅವಳು 40,000 ಡಾಲರ್ ಕದಿಯುತ್ತಾಳೆ. ಇದು ಕಳವಿನ ಕಥೆ ಎಂದು ನಾವು ನಂಬುತ್ತೇವೆ. ಒಂದು ಗಂಟೆ ತುಂಬುವುದರೊಳಗೆ ಅವಳೇ ಕೊಲೆಯಾಗುತ್ತಾಳೆ. ಕಳವಿನ ಕಥೆ ಅಲ್ಲಿಗೆ ಮುಗಿಯಿತು. ಕಥೆಯ ಮಟ್ಟದಲ್ಲಿ ಇದು ದೊಡ್ಡ ವಂಚನೆ. ಆದರೆ ಆ ಹೋಟೆಲಿನ ಕೋಣೆಗೂ ಮೊದಲು ಏನು ಬಂದಿತ್ತು? ಸಾಲ್ ಬಾಸ್ ರೂಪಿಸಿದ ಹೆಸರುಗಳ ಪಟ್ಟಿ. ಬೂದು ಬಣ್ಣದ ಪಟ್ಟಿಗಳು ಅಡ್ಡಲಾಗಿ, ಉದ್ದಕ್ಕೆ ಚಾಕುವಿನಂತೆ ನುಗ್ಗಿ ಬಂದು ಅಕ್ಷರಗಳನ್ನು ಸೀಳುತ್ತವೆ. ಜೊತೆಗೆ ಬರ್ನಾರ್ಡ್ ಹರ್ಮನ್ ಅವರ ಸಂಗೀತ. ಬರಿಯ ತಂತಿವಾದ್ಯಗಳು. ಊದುವ ವಾದ್ಯ ಇಲ್ಲ, ಡೋಲು ಇಲ್ಲ. ಕಮಾನು ತಂತಿಯನ್ನು ಕುಟುಕುವಂಥ ಆತುರದ ಸ್ವರ. ಕಳವಿನ ಹಣದೊಡನೆ ಅವಳು ಮಳೆಯಲ್ಲಿ ಕಾರು ಓಡಿಸುವಾಗ ಅದೇ ಸ್ವರ ಮರಳಿ ಬರುತ್ತದೆ. ಅಂದರೆ ಕಥೆ ನಮಗೆ ಸುಳ್ಳು ಹೇಳುತ್ತಿದ್ದಾಗಲೂ ಶ್ರುತಿ ನಿಜವನ್ನೇ ಹೇಳುತ್ತಿತ್ತು. ಸೀಳುವಿಕೆ, ಆತುರ, ತಪ್ಪಿಸಿಕೊಳ್ಳಲಾಗದ ಬಲೆ. ನನ್ನ ವಾದದ ತಿರುಳೇ ಇದು. ಆರಂಭ ಕಥೆಯ ವಿಷಯದಲ್ಲಿ ಆಟವಾಡಬಹುದು. ಶ್ರುತಿಯ ವಿಷಯದಲ್ಲಿ ಮಾತು ತಪ್ಪಬಾರದು. ಮಾತು ತಪ್ಪಿದ ಚಿತ್ರದಲ್ಲಿ ಪ್ರೇಕ್ಷಕ ಬೆರಗಾಗುವುದಿಲ್ಲ, ಮೋಸಹೋದೆ ಎಂದುಕೊಳ್ಳುತ್ತಾನೆ.

ಎರಡು ಆಕ್ಷೇಪಗಳನ್ನು ನೋಡಿದೆವು. ತಡವಾಗಿ ಬಂದವರಿಗೆ ಕಥೆ ಸಿಕ್ಕೀತು, ತೂಕ ಸಿಗದು. ಕಥೆ ದಾರಿ ತಪ್ಪಿಸಬಹುದು, ಶ್ರುತಿ ತಪ್ಪಿಸಬಾರದು. ಮೂರನೆಯ ಆಕ್ಷೇಪ ನಮ್ಮ ಮನೆಯದೇ. ನಮ್ಮ ಜನಪ್ರಿಯ ಚಿತ್ರಗಳಲ್ಲಿ ಆರಂಭ ಎಂದರೆ ನಾಯಕನ ಪ್ರವೇಶ. ಮೊದಲು ಬೂಟು, ಆಮೇಲೆ ಕೈ, ಆಮೇಲೆ ಮುಖ, ಹೊಡೆದಾಟ, ಹಾಡು. ಅಭಿಮಾನಿಗಳ ಸಂಭ್ರಮವೇ ಅಲ್ಲಿನ ಭಾವ, ಅಲ್ಲಿಗೆ ನಿಮ್ಮ ಶ್ರುತಿಯ ಮಾತು ಅನ್ವಯಿಸದು ಎಂದು ಹೇಳುವವರಿದ್ದಾರೆ. ಆ ಸಂಭ್ರಮವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಯಕ್ಷಗಾನದ ಒಡ್ಡೋಲಗ ಅದೇ ತಾನೇ? ತೆರೆಯ ಹಿಂದಿನಿಂದ ಕಿರೀಟ ಕಾಣುತ್ತದೆ, ಹೆಜ್ಜೆ ಕಾಣುತ್ತದೆ, ಕೊನೆಗೆ ತೆರೆ ಸರಿದು ವೇಷ ಇಡಿಯಾಗಿ ಎದುರಿಗೆ ನಿಲ್ಲುತ್ತದೆ. ಆದರೆ ಒಂದು ವ್ಯತ್ಯಾಸ ಗಮನಿಸಿ. ರಾಜವೇಷದ ಒಡ್ಡೋಲಗ ಬೇರೆ, ಬಣ್ಣದ ವೇಷದ ಒಡ್ಡೋಲಗ ಬೇರೆ. ಚಂಡೆಯ ಪೆಟ್ಟು ಕೇಳಿದರೇ ಬರುತ್ತಿರುವುದು ಕೃಷ್ಣನೋ ರಕ್ಕಸನೋ ಎಂದು ಹೇಳುವ ರಸಿಕರಿದ್ದಾರೆ. ಅಲ್ಲಿ ಪ್ರವೇಶ ಪಾತ್ರದ ಸ್ವಭಾವಕ್ಕೆ ಹೊಂದಿಕೊಂಡಿದೆ. ನಮ್ಮ ಅನೇಕ ಚಿತ್ರಗಳಲ್ಲಿ ನಾಯಕ ಮೇಷ್ಟ್ರಾಗಲಿ, ರೌಡಿಯಾಗಲಿ, ರೈತನಾಗಲಿ, ಪ್ರವೇಶ ಒಂದೇ. ತೊಂದರೆ ಇರುವುದು ಸಂಭ್ರಮದಲ್ಲಲ್ಲ, ಎಲ್ಲ ಚಿತ್ರಕ್ಕೂ ಒಂದೇ ಶ್ರುತಿ ಇಟ್ಟುಕೊಂಡಿರುವುದರಲ್ಲಿ. ಆ ಹತ್ತು ನಿಮಿಷವನ್ನು ಕಿತ್ತು ಇನ್ನೊಂದು ಚಿತ್ರಕ್ಕೆ ಅಂಟಿಸಿದರೂ ಯಾರಿಗೂ ಗೊತ್ತಾಗದು ಎಂದಾದರೆ, ಆ ಚಿತ್ರಕ್ಕೆ ತನ್ನದೇ ಆರಂಭ ಸಿಕ್ಕಿಲ್ಲ ಎಂದರ್ಥ.

ಜನಪ್ರಿಯತೆಗೂ ಶ್ರುತಿಗೂ ಜಗಳವಿಲ್ಲ ಎಂಬುದಕ್ಕೆ ಇತ್ತೀಚಿನ ಸಾಕ್ಷಿ ಕೊಡುತ್ತೇನೆ. 2022ರ ‘ಕಾಂತಾರ’. ರಿಷಬ್ ಶೆಟ್ಟಿ ನಿರ್ದೇಶಿಸಿ ನಟಿಸಿದ ಚಿತ್ರ. ಅದು ಶುರುವಾಗುವುದು ನಾಯಕನಿಂದಲ್ಲ, 1847ರ ಒಬ್ಬ ಅರಸನಿಂದ. ಎಲ್ಲ ಇದ್ದೂ ನೆಮ್ಮದಿಯಿಲ್ಲದ ಅರಸ. ಅಲೆದು ಅಲೆದು ಕಾಡಿನಲ್ಲಿ ಪಂಜುರ್ಲಿ ದೈವದ ಕಲ್ಲಿನ ಮುಂದೆ ಅವನಿಗೆ ಶಾಂತಿ ಸಿಗುತ್ತದೆ. ದೈವವನ್ನು ಕೊಡಿ ಎಂದು ಕೇಳುತ್ತಾನೆ. ಬದಲಿಗೆ ದೈವ ಕೇಳುವುದು ನೆಲವನ್ನು. ಎಷ್ಟು ನೆಲ? ತನ್ನ ಕೂಗು ಎಷ್ಟು ದೂರ ಕೇಳಿಸುತ್ತದೋ ಅಷ್ಟು. ರೇಡಿಯೊದ ಮುಂದೆ ಕೂತ ನಿಮಗೆ ಈ ಅಳತೆಯ ಸೊಗಸನ್ನು ನಾನು ವಿವರಿಸಬೇಕಿಲ್ಲ. ಇಲ್ಲಿ ನೆಲವನ್ನು ಅಳೆದದ್ದು ಸರಪಳಿಯಿಂದಲ್ಲ, ದನಿಯಿಂದ. ಮುಂದೆ 1970ರ ಕಾಲ. ಅರಸನ ವಂಶದವನು ನೆಲವನ್ನು ಮರಳಿ ಕೇಳುತ್ತಾನೆ. ದೈವ ಕಟ್ಟಿದವರು ಕಾಡಿನೊಳಗೆ ಓಡಿ ಮಾಯವಾಗುತ್ತಾರೆ. ನಾಯಕ ಶಿವ ಕಂಬಳದ ಗದ್ದೆಯಲ್ಲಿ ಅಬ್ಬರದಿಂದ ಪ್ರವೇಶಿಸುವುದು ಇದೆಲ್ಲ ಆದ ಮೇಲೆ. ಸಂಭ್ರಮ ಬೇಕಾದವರಿಗೆ ಸಂಭ್ರಮ ಸಿಕ್ಕಿತು. ಆದರೆ ಅಷ್ಟರಲ್ಲಿ ಶ್ರುತಿ ಸೇರಿಯಾಗಿತ್ತು. ಆ ಕೂಗು ಪ್ರೇಕ್ಷಕರ ಕಿವಿಯಲ್ಲಿ ಕೂತಾಗಿತ್ತು. ನಡುವೆ ಎಷ್ಟೇ ಹಾಸ್ಯ, ಪ್ರೇಮ, ಹೊಡೆದಾಟ ಬಂದರೂ ಚಿತ್ರ ತನ್ನ ಕೊನೆಯಲ್ಲಿ ಅದೇ ಕೂಗಿಗೆ, ಅದೇ ಕಾಡಿಗೆ, ಅದೇ ಮಾಯವಾಗುವಿಕೆಗೆ ಮರಳುತ್ತದೆ. ಥಿಯೇಟರಿನಲ್ಲಿ ಜನ ಆ ಕೊನೆಗೆ ಮೈನವಿರೇಳಿ ಕೂತದ್ದಕ್ಕೆ ಕಾರಣ ಕೊನೆಯಲ್ಲಷ್ಟೇ ಇಲ್ಲ, ಆರಂಭದಲ್ಲೂ ಇದೆ.

ಕೊನೆಯ ಆಕ್ಷೇಪ ಕಾಲದ್ದು. ಈಗ ಸಿನಿಮಾ ಕೈಯೊಳಗಿನ ಫೋನಿಗೆ ಬಂದಿದೆ. ಬಸ್ಸಿನಲ್ಲಿ ಅರ್ಧ, ಮನೆಯಲ್ಲಿ ಅರ್ಧ ನೋಡುತ್ತೇವೆ. ಬೆರಳಿನ ಒಂದು ತಟ್ಟಿಗೆ ಹತ್ತು ಸೆಕೆಂಡು ಹಾರುತ್ತದೆ. ಧಾರಾವಾಹಿಗಳ ಆರಂಭವನ್ನು ಪೂರ್ತಿ ದಾಟಿಸುವ ಗುಂಡಿಯೇ ಇದೆ. ಇಂಥ ಕಾಲದಲ್ಲಿ ಆರಂಭ ಮೊದಲ ನಿಮಿಷದಲ್ಲೇ ಕೊರಳಪಟ್ಟಿ ಹಿಡಿದು ಎಳೆಯಬೇಕು, ಶ್ರುತಿ ಸೇರಿಸುತ್ತಾ ಕೂತರೆ ನೋಡುವವರು ಎದ್ದು ಹೋಗುತ್ತಾರೆ ಎಂದು ಚಿತ್ರ ಮಾಡುವವರೇ ಅಂಜುತ್ತಾರೆ. ಆ ಅಂಜಿಕೆ ಅರ್ಥವಾಗುತ್ತದೆ. ಆದರೆ ಇದುವರೆಗೆ ನಾವು ನೋಡಿದ ಆರಂಭಗಳಲ್ಲಿ ಯಾವುದು ನೀರಸ? ಬಾಂಬಿನ ಗಡಿಯಾರವೇ, ಟೋಪಿಯ ಮೇಲಿನ ಹನಿಯೇ, ಬೀದಿಬದಿಯ ಮುದುಕನ ಬೈಗುಳವೇ? ಒಂದೊಂದೂ ಮೊದಲ ಕ್ಷಣದಲ್ಲೇ ಹಿಡಿಯುತ್ತದೆ. ಹಿಡಿಯುವುದಕ್ಕೆ ಅರಚಬೇಕಾಗಿಲ್ಲ. ಇನ್ನೊಂದು ಮಾತು. ಗಮನ ಚೂರುಚೂರಾಗಿರುವ ಕಾಲದಲ್ಲೇ ಶ್ರುತಿಯ ಅಗತ್ಯ ಹೆಚ್ಚು. ಹೊರಗಿನ ಗದ್ದಲದಿಂದ ಬಂದವರಿಗೆ ತಂಬೂರಿ ಇನ್ನೂ ಸ್ವಲ್ಪ ಹೊತ್ತು ಮೀಟಬೇಕಾಗುತ್ತದೆಯೇ ಹೊರತು, ತಂಬೂರಿಯನ್ನೇ ಮೂಲೆಗಿಡುವುದು ಪರಿಹಾರವಲ್ಲ. ಥಿಯೇಟರಿನಲ್ಲಿ ಕತ್ತಲೆ ಮಾಡುತ್ತಿದ್ದ ಅರ್ಧ ಕೆಲಸವನ್ನು ಈಗ ಆರಂಭದ ದೃಶ್ಯವೇ ಮಾಡಬೇಕಾಗಿದೆ.

ಹೇಳಿದ್ದನ್ನೆಲ್ಲ ಕೊನೆಯ ಬಾರಿ ಒಟ್ಟಿಗೆ ಕಟ್ಟುತ್ತೇನೆ. ಸಿನಿಮಾದ ಆರಂಭ ಕಥೆಗೆ ಬಾಗಿಲು ಮಾತ್ರವಲ್ಲ, ಅದರ ಶ್ರುತಿ. ಸದ್ದು, ಹೊತ್ತು, ದೂರ ಎಂಬ ಮೂರು ತಂತಿಗಳನ್ನು ಅದು ಬಿಗಿದು ಕೊಡುತ್ತದೆ. ಕಥೆ ಎಷ್ಟೇ ತಿರುವು ಪಡೆದರೂ ಆ ಮೂರರ ಮಾತು ಉಳಿಯಬೇಕು. ಇನ್ನು ಆ 58 ಪುಟಗಳ ಟಿಪ್ಪಣಿಗೆ ಮರಳುತ್ತೇನೆ. ಆರ್ಸನ್ ವೆಲ್ಸ್ 1985ರಲ್ಲಿ ತೀರಿಕೊಂಡರು. ಅವರ ಮೂರು ನಿಮಿಷ ಅವರು ಬಯಸಿದ ಸದ್ದಿನೊಡನೆ ಜನರನ್ನು ಮುಟ್ಟಿದ್ದು 1998ರಲ್ಲಿ. ಚಿತ್ರ ತೆರೆಕಂಡು 40 ವರ್ಷ ಆಗಿತ್ತು. ಅದನ್ನು ಕೇಳಲು ಅವರೇ ಇರಲಿಲ್ಲ. ಹೆಸರುಗಳ ಅಕ್ಷರಕ್ಕೆ, ಒಂದು ಬೀದಿಯ ಗದ್ದಲಕ್ಕೆ ಒಬ್ಬ ಕಲಾವಿದ ಇಷ್ಟು ಮರುಗಿದ್ದು ಹಟಕ್ಕಲ್ಲ. ಆ ಸದ್ದು ತಪ್ಪಿದರೆ ಮುಂದಿನದೆಲ್ಲ ಬೇರೆ ಶ್ರುತಿಯಲ್ಲಿ ಕೇಳಿಸುತ್ತದೆ ಎಂದು ಅವರಿಗೆ ಗೊತ್ತಿತ್ತು. ಕೇಳುಗರೇ, ನಮ್ಮಿಂದ ಬೇಕಾಗಿರುವುದು ಅಷ್ಟು ದೊಡ್ಡದಲ್ಲ. ಮುಂದಿನ ಸಲ ಸಿನಿಮಾಕ್ಕೆ ಹೋದಾಗ ದೀಪ ಆರುವ ಮೊದಲೇ ಕೂತಿರೋಣ. ಮನೆಯಲ್ಲೇ ನೋಡುವುದಾದರೆ ಮೊದಲ ಐದು ನಿಮಿಷ ಬೆರಳನ್ನು ಸುಮ್ಮನಿಡೋಣ. ಮಾತು ನಿಲ್ಲಿಸಿ ಕಿವಿ ಕೊಡೋಣ. ಕೇಳಿ ಬಾರಿಸುವ ಸದ್ದು ಕೇಳಿಸಿದ ಮೇಲೆ ಗದ್ದೆ ದಾಟಿ ಬರುತ್ತಿದ್ದವರು ಮಾಡುತ್ತಿದ್ದುದೂ ಇಷ್ಟೇ. ಆಟ ಶುರುವಾಗುವ ಹೊತ್ತಿಗೆ ಅವರು ಅಲ್ಲಿರುತ್ತಿದ್ದರು.